ಮೊಳೆಯ ಫೋಟೊ

ಸೆಪ್ಟೆಂಬರ್ ಅರ್ಧ ಕಳೆದಿತ್ತು. ಮರಮುರೇಷ್ ಗುಡ್ಡದ ಆ ಹಳ್ಳಿಯಲ್ಲಿ ಪ್ಲಮ್ ಹಣ್ಣು ಉದುರುವ ಕಾಲ. ಪರಸ್ಕೀವ ಬೆಳಗಿನಿಂದ ಅಂಗಳದ ಹಂಡೆಯ ಮುಂದೆ ನಿಂತು ಹಣ್ಣಿನ ಪಾಕ ತಿರುವುತ್ತಿದ್ದಳು. ಕೈ ಬಿಟ್ಟರೆ ತಳ ಹಿಡಿಯುತ್ತದೆ. ಬೇರೆ ವರ್ಷವಾದರೆ ನೆರೆಯ ಹೆಂಗಸರು ಸರದಿಯ ಮೇಲೆ ಬರುತ್ತಿದ್ದರು. ಈ ಸಲ ಯಾರೂ ಇತ್ತ ಸುಳಿದಿರಲಿಲ್ಲ. ಆಗಸ್ಟ್ ಮೊದಲಲ್ಲಿ ಮರದ ಚರ್ಚಿನಿಂದ ದೇವಮಾತೆಯ ಹಳೆಯ ಪಟ ಕಳುವಾಗಿತ್ತು. ಬೀಗ ಮುರಿದಿರಲಿಲ್ಲ. ಕೀಲಿ ಇಪ್ಪತ್ತು ವರ್ಷದಿಂದ ಪರಸ್ಕೀವಳ ಸುಪರ್ದಿಯಲ್ಲಿತ್ತು. ಊರಿಗೆ ಅಷ್ಟು ಸಾಕಾಯಿತು.

ಮಧ್ಯಾಹ್ನ ಪಟ್ಟಣದ ವಸ್ತುಸಂಗ್ರಹಾಲಯದ ಜಹಾರಿಯ ಬಂದ. ಎರಡು ವರ್ಷದ ಹಿಂದೆ ಚರ್ಚಿನ ಪಟಗಳ ಫೋಟೊ ಹೊಡೆದು ಕಂಪ್ಯೂಟರಿಗೆ ಸೇರಿಸಿದವನು ಅವನೇ.

"ಕಳ್ಳರು ಸಿಕ್ಕಿದ್ರು ಅಕ್ಕ. ಪಟ ಮಾತ್ರ ಗಡಿ ದಾಟಿಬಿಟ್ಟಿದೆ. ನಿಮ್ದೇನೂ ತಪ್ಪಿಲ್ಲ."

"ಕೀಲಿ ಇರೋ ಜಾಗ ಅವ್ರಿಗೆ ಯಾರು ಹೇಳಿದ್ದು?"

ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ನಮ್ಮ ವೆಬ್‌ಸೈಟಲ್ಲಿತ್ತು. ಬೀಗ ಹಾಕಿಟ್ಟ ಪುಟಗಳೇ. ಆದ್ರೆ ವಿಳಾಸದ ಕೊನೇ ಅಂಕಿ ಬದಲಾಯಿಸಿದ್ರೆ ಪಾಸ್‌ವರ್ಡ್ ಇಲ್ದೇನೆ ತೆರ್ಕೊಳ್ತಿದ್ವು. ಸಾಫ್ಟ್‌ವೇರಲ್ಲಿ ಒಂದು ಸಣ್ಣ ತೂತು. ಈಗ ಮುಚ್ಚಿದೀವಿ."

'ಭದ್ರತೆ' ಎಂಬ ಕಾಲಂ ತುಂಬಬೇಕೆಂದು ಅವಳನ್ನು ಚರ್ಚಿನ ಹಿಂದೆ ನಿಲ್ಲಿಸಿ, ಸೂರಿನಡಿ ಕೀಲಿ ತೂಗುವ ಮೊಳೆಯನ್ನು ಬೆರಳಿಟ್ಟು ತೋರಿಸಿ ಎಂದು ಫೋಟೊ ಹೊಡೆದಿದ್ದವನೂ ಇವನೇ.

"ತೂತು ಯಾವಾಗ ಗೊತ್ತಾಯ್ತು?"

"ಏಪ್ರಿಲ್‌ನಲ್ಲಿ ಕಾಲೇಜು ಹುಡುಗಿ ಯಾರೋ ಬರೆದು ತಿಳಿಸಿದ್ಲು. ಹಳ್ಳಿ ಚರ್ಚಿನ ಪುಟ ಯಾರು ನೋಡ್ತಾರೆ ಅಂತ ಸುಮ್ನಿದ್ವಿ."

"ನಮ್ಮಲ್ಲಿ ಕೋಳಿಗೂಡಿಗೆ ತೂತು ಬಿದ್ರೆ ಕತ್ತಲಾಗೋದ್ರೊಳಗೆ ಮುಚ್ತೀವಿ ಸಾಹೇಬ್ರೆ. ನಾವು ಓದಿದೋರಲ್ಲ ನೋಡಿ."

ಅವನು ಜೇಬಿನಿಂದ ಕಾಗದ ತೆಗೆದ. "ನಿಮ್ದು ದೂರೇನೂ ಇಲ್ಲ ಅಂತ ಒಂದು ಸಹಿ..."

ಅವಳ ಕೈ ನಿಲ್ಲಲಿಲ್ಲ. ಪಾಕ ಮಾತ್ರ ಹಂಡೆಯ ಅಂಚಿಗೆ ಹಾರಿತು. "ಹಾಕ್ತೀನಿ. ಭಾನುವಾರ ಆರಾಧನೆ ಮುಗಿದ್ಮೇಲೆ, ಈಗ ಹೇಳಿದ್ದನ್ನೇ ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳಿ. ನನ್ನ ಕಳ್ಳಿ ಅಂದೋರೆಲ್ಲ ಅಲ್ಲೇ ಇರ್ತಾರೆ."

"ನಿರ್ದೇಶಕರು ಒಪ್ಪಲ್ಲ ಅಕ್ಕ. ಸಂಸ್ಥೆ ಮರ್ಯಾದೆ ಪ್ರಶ್ನೆ."

"ನನ್ನ ಮರ್ಯಾದೆ ಆರು ವಾರದಿಂದ ಬೀದೀಲಿ ಬಿದ್ದಿದೆ. ನಿಮ್ದೂ ಒಂದು ಗಳಿಗೆ ಹೊರಗೆ ಬರ್ಲಿ."

"ನೋಡೋಣ" ಎಂದು ಅವನು ಹೋದ.

ಭಾನುವಾರ ಅವನು ಬರಲಿಲ್ಲ. ಮೇಣದಬತ್ತಿ ಮಾರುವವಳು ಪೆಟ್ಟಿಗೆ ಮುಚ್ಚಿ ಹೊರಡುವವರೆಗೂ ಪರಸ್ಕೀವ ಮೆಟ್ಟಿಲ ಬಳಿ ನಿಂತಿದ್ದಳು. ಜನ ಅವಳನ್ನು ತಾಕದಂತೆ ಸುತ್ತುಬಳಸಿ ಇಳಿದುಹೋದರು.

ಸೋಮವಾರ ಮೊದಲ ಬಸ್ಸಿಗೆ ಪಟ್ಟಣ ಸೇರಿ, ನಿರ್ದೇಶಕರ ಬಾಗಿಲಿಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕೂತಳು.

"ಏನಾಗ್ಬೇಕಿತ್ತಮ್ಮ?" ಕಾವಲುಗಾರ ಕೇಳಿದ.

"ಇವ್ರಿಂದ ನಂಗೊಂದು ಮಾತು ಬರ್ಬೇಕು. ಬರೋವರೆಗೆ ಇಲ್ಲೇ ಇರ್ತೀನಿ."