ಕೊನೆಯ ಜೊತೆ

ಹೆಡ್‌ಮೇಡಂ ಒಂದು ಕಾಲಿನ ಚಪ್ಪಲಿ ಕಳಚಿ, ಇನ್ನೊಂದನ್ನು ಎಲ್ಲಿ ಬಿಡುವುದೆಂದು ತಿಳಿಯದೆ ಆಯಾಳ ಮನೆಯ ಮೆಟ್ಟಿಲ ಮೇಲೆ ಒಂಟಿಕಾಲಿನಲ್ಲಿ ನಿಂತರು. ಎಳ್ಳು ಹಾಕಿದರೂ ನೆಲಕ್ಕೆ ಬೀಳದಷ್ಟು ಚಪ್ಪಲಿಗಳು. ಶಾಲೆಯ ಗಂಟೆ ಹೊಡೆದು, ಕಸ ಗುಡಿಸಿ, ಬೀಗ ಹಾಕಿಕೊಂಡಿದ್ದ ಹೆಂಗಸಿಗೆ ಇಷ್ಟು ಜನ ಸೇರುತ್ತಾರೆಂದು ಅವರು ಎಣಿಸಿರಲಿಲ್ಲ.

"ಬನ್ನಿ ಮೇಡಂ," ಎಂದಳು ಆಯಾಳ ಮಗಳು. "ನಿನ್ನೆ ಸಂಜೆ ಎಲ್ಲಾ ರೂಮೂ ನೋಡ್ಕೊಂಡೇ ಬಂದ್ಲು. ಮಲಗಿದೋಳು ಬೆಳಿಗ್ಗೆ ಏಳ್ಲಿಲ್ಲ."

"ಯಾರ ಕೈಲೂ ಮಾಡಿಸ್ಕೊಳ್ದೆ ಹೋದ್ಲು ಬಿಡು," ಎಂದಳು ಪಕ್ಕದ ಮನೆಯಾಕೆ.

ಹನ್ನೆರಡಕ್ಕೆ ಹೆಣ ಒಯ್ಯುವ ಗಾಡಿ ಬರುವುದಿತ್ತು. ಹೆಡ್‌ಮೇಡಂ ಗೋಡೆಗೆ ಆನಿಕೊಂಡು ನಿಂತರು. ಪಕ್ಕದಲ್ಲಿ ಒಂದನೇ ತರಗತಿಯ ಮೇಷ್ಟ್ರು ತಲೆ ತಗ್ಗಿಸಿದ್ದರು. ಹತ್ತೂವರೆಗೇ ಮಕ್ಕಳನ್ನು ಬಿಟ್ಟು, ಮಧ್ಯಾಹ್ನದ ಪಾಳಿಗೂ ರಜೆ ಹೇಳಿ, ಹೆಡ್‌ಮೇಡಂ ತಾವೇ ಬೀಗ ಹಾಕಿ ಬಂದಿದ್ದರು. ನಾಳೆ ಹೇಗೂ ಭಾನುವಾರ.

"ಮನೇಲೂ ಸ್ಕೂಲಿನ ಹಾಗೇ ಚಪ್ಪಲಿ ಎಣಿಸೋ ಚಟ ಇವಳಿಗೆ," ಎಂದಳು ಮಗಳು, ಅಳುವಿನ ನಡುವೆಯೇ ನಕ್ಕು. "ನೆಂಟರು ಬಂದ್ರೆ ಮುಖ ನೋಡೋಕೆ ಮುಂಚೆ ಚಪ್ಪಲಿ ನೋಡೋಳು. ಎಷ್ಟು ಜನಕ್ಕೆ ಅನ್ನ ಇಡ್ಬೇಕು ಅಂತ."

*

ಶಾಲೆ ಕಟ್ಟಿದ್ದು ನೂರಿಪ್ಪತ್ತು ಮಕ್ಕಳಿಗೆ. ಎದುರಿನ ಬಯಲಿನಲ್ಲಿ ಹದಿನಾಲ್ಕು ಅಂತಸ್ತಿನ ನಾಲ್ಕು ಕಟ್ಟಡಗಳು ಎದ್ದವು. ನಕ್ಷೆಯಲ್ಲಿ ಹೊಸ ಶಾಲೆ ಎಂದು ತೋರಿಸಿದ್ದ ಜಾಗದಲ್ಲಿ ಈಜುಕೊಳ ಬಂತು. ಮಕ್ಕಳು ಮಾತ್ರ ಹಳೆಯ ಶಾಲೆಗೇ ಬಂದರು, ಆರುನೂರು ದಾಟಿದರು. ಎರಡು ಪಾಳಿ ಮಾಡಿದರೂ ಸಾಲದೆ ತಗಡಿನ ಚಾವಣಿಯ ಉಗ್ರಾಣವೂ ಒಂದನೇ ತರಗತಿಯಾಯಿತು. ದೂಳು ತಡೆಯಲೆಂದು ಅದರ ಒಂದೇ ಒಂದು ಕಿಟಕಿಗೆ ಹೆಡ್‌ಮೇಡಂ ಪ್ಲಾಸ್ಟಿಕ್ ಹಾಳೆ ಹೊಡೆಸಿದ್ದರು. ವಾರಕ್ಕೆ ಎಂಟು ಹತ್ತು ಹೊಸ ಮುಖಗಳು. ಹೆಸರು ಹಾಜರಿ ಪುಸ್ತಕಕ್ಕೆ ಏರುವಷ್ಟರಲ್ಲಿ ತಿಂಗಳು ಕಳೆಯುತ್ತಿತ್ತು.

ಚಪ್ಪಲಿ ಹೊರಗೆ ಬಿಡಬೇಕೆಂಬುದು ಆಯಾ ಮಾಡಿದ ಕಾಯಿದೆ. ಜಗಲಿಯಲ್ಲಿ ಕೊನೆಯ ಜೊತೆ ಖಾಲಿಯಾಗುವ ತನಕ ಆಕೆ ಬೀಗ ಮುಟ್ಟುತ್ತಿರಲಿಲ್ಲ.

"ಹಾಜರಿ ಪುಸ್ತಕ ಮತ್ಯಾಕೆ ಇರೋದು?" ಎಂದು ಹೆಡ್‌ಮೇಡಂ ಒಮ್ಮೆ ರೇಗಿದ್ದರು.

"ಪುಸ್ತಕದಲ್ಲಿ ಇರೋರನ್ನ ಪುಸ್ತಕ ಕಾಯುತ್ತೆ ಮೇಡಂ, ಇಲ್ದೇ ಇರೋರನ್ನ ಯಾರು ಕಾಯ್ತಾರೆ? ಈ ಜಲ್ಲಿ ಮೇಲೆ ಬರಿಗಾಲಲ್ಲಿ ಯಾವ ಮಗು ಮನೆಗೆ ಹೋಗುತ್ತೆ, ನೀವೇ ಹೇಳಿ."

ಹೆಡ್‌ಮೇಡಂ ಆಗ ನಕ್ಕುಬಿಟ್ಟಿದ್ದರು.

*

"ಈ ಪುಟ್ಟ ಜೊತೆ ಯಾರದು?" ಗಾಡಿಗೆ ದಾರಿ ಮಾಡಲು ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸುತ್ತಿದ್ದ ಮಗಳು ಕೇಳಿದಳು. "ಒಳಗೆ ಯಾವುದೋ ಮಗು ಇದೆ, ನೋಡ್ರೋ."

ಪಕ್ಕದ ಮನೆಯಾಕೆ ತನ್ನ ಮೊಮ್ಮಗಳನ್ನು ಎತ್ತಿಕೊಂಡು ಹೊರಗೆ ಬಂದಳು. ಹೆಡ್‌ಮೇಡಂ ತಟ್ಟನೆ ಮೇಷ್ಟ್ರ ಕಡೆ ತಿರುಗಿದರು. ಬೆಳಿಗ್ಗೆ ಬೀಗ ಹಾಕಿದ ಮೇಲೆ ಶಾಲೆಯ ಜಗಲಿಯಲ್ಲೂ ಒಂದು ಜೊತೆ ಉಳಿದಿತ್ತು. ನೀಲಿ ಬಣ್ಣದ್ದು. ಯಾರೋ ಮರೆತಿದ್ದಾರೆಂದು ಅದನ್ನು ತಾವೇ ಕಳೆದುಹೋದ ಸಾಮಾನಿನ ಡಬ್ಬಕ್ಕೆ ಎಸೆದಿದ್ದರು.

"ಮೇಷ್ಟ್ರೇ, ನಿಮ್ಮ ರೂಮಲ್ಲಿ ಯಾರಾದ್ರೂ ಉಳಿದಿದ್ರಾ?"

"ಇಲ್ಲ ಮೇಡಂ. ಪುಸ್ತಕ ಹಿಡ್ಕೊಂಡೇ ಕೂಗಿದೀನಿ. ಅರವತ್ತೊಂದೂ ಹೋದ್ವು."

"ಪುಸ್ತಕದಲ್ಲಿ ಇಲ್ದೋರು?"

ಮೇಷ್ಟ್ರು ತಲೆ ಎತ್ತಿದರು. "ಹೋದ ವಾರ ಬಂದ ಹುಡುಗಿ... ಮೈ ಬೆಚ್ಚಗಿದೆ ಅಂದ್ಲು, ಹಿಂದೆ ಮಲಗಿಸಿದ್ದೆ..."

ಹೆಡ್‌ಮೇಡಂ ಉಳಿದದ್ದನ್ನು ಕೇಳಲಿಲ್ಲ. ಗಾಡಿಗೆ ಎದುರಾಗಿ, ಜನರನ್ನು ತಳ್ಳಿಕೊಂಡು ಓಡಿದರು. ಬೀಗ ಹಾಕಿ ಒಂದೂವರೆ ಗಂಟೆಯಾಗಿತ್ತು. ಕಾದ ತಗಡು, ಮುಚ್ಚಿದ ಕಿಟಕಿ. ಆ ಹಾಳೆ ಹೊಡೆಸಿದವಳು ನಾನೇ, ನಾನೇ ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ಅಂಗಾಲಿಗೆ ಜಲ್ಲಿ ಚುಚ್ಚಿದ್ದೂ ಅವರಿಗೆ ತಿಳಿಯಲಿಲ್ಲ.

ಗೊಂಚಲಿನಲ್ಲಿ ಹದಿನಾರು ಬೀಗದ ಕೈಗಳು. ಆಯಾ ಆಗಿದ್ದರೆ ಕಣ್ಣು ಮುಚ್ಚಿಕೊಂಡೇ ಸರಿಯಾದದ್ದನ್ನು ಹಿಡಿಯುತ್ತಿದ್ದಳು. ಹೆಡ್‌ಮೇಡಂ ಗೊಂಚಲನ್ನು ಎರಡು ಸಲ ಬೀಳಿಸಿದರು. ಒಳಗಿನಿಂದ ಒಂದು ಸದ್ದೂ ಇಲ್ಲ. ಆರನೆಯದಕ್ಕೆ ಬೀಗ ತೆರೆಯಿತು. ಒಲೆಯ ಬಾಯಿಂದ ಬಂದಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಕೊನೆಯ ಬೆಂಚಿನ ಹಿಂದೆ ಎರಡು ಸಣ್ಣ ಪಾದಗಳು ಕಂಡವು. ಅಲುಗುತ್ತಿರಲಿಲ್ಲ.

ಹೆಡ್‌ಮೇಡಂ ಬೆಂಚನ್ನು ಪಕ್ಕಕ್ಕೆ ತಳ್ಳಿದರು.

ಒಂದು ಹೆಬ್ಬೆರಳು ಮಡಚಿಕೊಂಡಿತು. ಹುಡುಗಿ ಎದ್ದು ಕುಳಿತಳು. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು. ಹೆಡ್‌ಮೇಡಂ ಅವಳನ್ನು ಬಾಚಿ ಎತ್ತಿಕೊಂಡು ನಲ್ಲಿಗೆ ಓಡಿದರು, ಕುಡಿಸಿದರು, ತಲೆಗೆ ನೀರು ತಟ್ಟಿದರು.

"ಕೂಗಬಾರದಿತ್ತಾ ಪುಟ್ಟಾ? ಬಾಗಿಲು ಬಡೀಬಾರದಿತ್ತಾ?"

"ಚಪ್ಪಲಿ ಹೊರಗಿದ್ರೆ ಹೆದರ್ಬೇಡ, ನೋಡಿ ಬಂದೇ ಬರ್ತೀನಿ ಅಂತ ಆಯಾ ಅಜ್ಜಿ ಹೇಳಿದಾರೆ."

ಹೆಡ್‌ಮೇಡಂ ಡಬ್ಬದಿಂದ ನೀಲಿ ಚಪ್ಪಲಿ ತಂದು ಅವಳ ಮುಂದೆ ಮಂಡಿಯೂರಿದರು. ಪಟ್ಟಿ ಕೊಂಡಿಗೆ ಸಿಗಲೊಲ್ಲದು. ಹುಡುಗಿ ಬಗ್ಗಿ ಅವರ ರಕ್ತ ಒಸರುವ ಕಾಲನ್ನು ನೋಡಿದಳು.

"ಮಿಸ್, ನಿಮ್ ಚಪ್ಪಲಿ ಎಲ್ಲಿ?"

"ಅಜ್ಜಿ ಮನೆ ಹತ್ರ ಬಿಟ್ಟು ಬಂದೆ."

"ಹಾಗಾದ್ರೆ," ಎಂದಳು ಹುಡುಗಿ, "ಅಜ್ಜಿ ಇನ್ನೂ ಬಾಗಿಲು ಹಾಕಿರಲ್ಲ."