ಓಣಿಗೆ ಬಿಟ್ಟ ಉಸಿರು

ನಾನು ಒಂದು ಏಸಿ. ಈ ಮಾತು ಹೇಳುವಾಗ ಉಳಿದ ಯಂತ್ರಗಳ ಹಾಗೆ ಎದೆಯುಬ್ಬಿಸಲು ನನಗೆ ಆಗುವುದಿಲ್ಲ. ಹೊಲಿಗೆ ಯಂತ್ರ ತಾನು ಹೊಲಿದ ಕುಪ್ಪಸಗಳ ಸುದ್ದಿ ಹೇಳಬಹುದು, ಸೈಕಲ್ಲು ತಾನು ಕಂಡ ಊರುಗಳ ಸುದ್ದಿ ಹೇಳಬಹುದು. ನಾನು ಮಾಡಿದ್ದು ಒಂದೇ ಕೆಲಸ: ಒಬ್ಬರ ಮನೆಯ ಸೆಕೆಯನ್ನು ಬಾಚಿ ಇನ್ನೊಬ್ಬರ ಮನೆಗೆ ಸುರಿದದ್ದು.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ನನಗೆ ಎರಡು ಮೈ. ಒಳಗಿನದು ಬಿಳಿ, ನುಣುಪು. ತಣ್ಣನೆಯ ಗಾಳಿ ಬಿಡುವುದು ಅದು. ಹೊರಗಿನದು ತಗಡಿನ ಪೆಟ್ಟಿಗೆ, ಅದರೊಳಗೆ ದೊಡ್ಡದೊಂದು ಫ್ಯಾನು. ಬಿಸಿ ಉಸಿರು ಬಿಡುವುದು ಇದು. ಒಳಗಿನ ಮೈಯನ್ನು ಮನೆಯವರು ಒರೆಸಿ ಇಟ್ಟುಕೊಳ್ಳುತ್ತಾರೆ. ಹೊರಗಿನದನ್ನು ಹಿತ್ತಲ ಗೋಡೆಗೆ ಜಡಿದು ಮರೆತುಬಿಡುತ್ತಾರೆ. ನನ್ನ ಮನಸ್ಸು ಇರುವುದು ಆ ಹೊರಗಿನ ಮೈಯಲ್ಲೇ. ಅದು ನನ್ನ ಗ್ರಹಚಾರ.

ಕಲಬುರಗಿಯ ವಕೀಲರೊಬ್ಬರ ಹೆಂಡತಿ ಸುವರ್ಣಾಬಾಯಿ ನನ್ನನ್ನು ಕೊಂಡು ತಂದರು. ಅವರ ಹಿತ್ತಲ ಗೋಡೆಯಾಚೆ ಕಿರಿದಾದ ಓಣಿ. ಓಣಿಯ ಆ ಬದಿಗೆ, ನನ್ನ ಫ್ಯಾನಿಗೆ ಸರಿಯಾಗಿ ಎದುರಾಗಿ, ಶಹಾಬಾದಿ ಕಲ್ಲಿನ ಪುಟ್ಟ ಮನೆಯೊಂದರ ಕಿಟಕಿ. ಆ ಮನೆಯಲ್ಲಿ ಮಹಾನಂದಾ ಇದ್ದಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವಳ ಕಸುಬು.

ಬೇಸಿಗೆ ಬಂತೆಂದರೆ ಆ ಓಣಿಗೆ ಒಂದು ಪದ್ಧತಿಯಿತ್ತು. ಹೊತ್ತು ಮುಳುಗುತ್ತಲೇ ಹೆಂಗಸರು ನೆಲಕ್ಕೆ ನೀರು ಚಿಮುಕಿಸಿ, ಹೊರಸು ಹೊರಗೆ ಹಾಕಿ, ಕೂಸುಗಳನ್ನು ಮಲಗಿಸಿ ಹರಟೆಗೆ ಕೂರುತ್ತಿದ್ದರು. ಯಾರ ಮನೆಯ ಮಗು ಯಾರ ಹೊರಸಿನ ಮೇಲೆ ಮಲಗಿದೆ ಎಂದು ಕೇಳುವವರಿರಲಿಲ್ಲ. ನಾನು ಬಂದ ವರ್ಷವೇ ಮಹಾನಂದಾಳ ಹೊರಸು ಒಳಗೆ ಹೋಯಿತು. ಮುಂದೆ ವಕೀಲರ ಸಾಲಿನ ಮನೆಗಳ ಹಿತ್ತಲಲ್ಲೆಲ್ಲ ನನ್ನ ಬಳಗದವರು ಬಂದು ಕೂತರು. ಉಳಿದ ಹೊರಸುಗಳೂ ಒಂದೊಂದಾಗಿ ಒಳಗೆ ಹೋದವು. ಓಣಿಯ ಕಡೆ ಮುಖಮಾಡಿ ಬದುಕಿದ ಮನೆಗಳು ಓಣಿಗೆ ಬೆನ್ನು ಹಾಕಿದವು.

ಆಗಲೇ ಮಹಾನಂದಾಳ ಒಬ್ಬಳೇ ಮಗಳು ಅಂಬಿಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಾಣಂತಿ ತಿನ್ನಲು ಅಂಟಿನುಂಡಿ ಕಟ್ಟಿಟ್ಟು, ಬಾಣಂತನಕ್ಕೆಂದು ಖೋಲಿಗೆ ಸುಣ್ಣ ಬಳಿದು ತಾಯಿ ಕಾದಿದ್ದಳು. ಆ ಖೋಲಿಗೇ ನನ್ನ ಉಸಿರು. ಮಹಾನಂದಾ ವಕೀಲರ ಮನೆಯ ಹಿತ್ತಲ ಬಾಗಿಲಿಗೆ ಬಂದು ನಿಂತಳು.

“ಬಾಯಾರ, ನಿಮ್ಮ ಮಷೀನಿನ ಝಳ ಸೀದಾ ನಮ್ಮ ಖೋಲಿಗೇ ಬಡೀತದರಿ. ಬಸುರಿ ಹೆಣ್ಣುಮಗಳು ಮನ್ಯಾಗ ಅದಾಳ.”

“ಕಿಡಕಿ ಹಾಕ್ಕೋ ಮಹಾನಂದಾ, ಆಯ್ತಲ್ಲ,” ಎಂದರು ಸುವರ್ಣಾಬಾಯಿ. ಸಿಟ್ಟಿನಿಂದಲ್ಲ. ನಿಜವಾಗಿಯೂ ಉಪಾಯ ಹೇಳಿಕೊಡುವವರ ಹಾಗೆ.

ಮಹಾನಂದಾ ಕಿಟಕಿ ಹಾಕಿ, ಸಂದಿಗೆ ಗೋಣಿಚೀಲ ತುರುಕಿದಳು. ಎರಡು ದಿನ ಬಿಟ್ಟು ಬಂದ ಅಳಿಯ ಆ ಖೋಲಿಯಲ್ಲಿ ಸ್ವಲ್ಪ ಹೊತ್ತು ನಿಂತ. ಕೊರಳ ಟವೆಲ್ಲು ಒದ್ದೆಯಾಯಿತು. “ಇಂಥಾ ಭಟ್ಟಿಯೊಳಗ ನನ್ನ ಹೇಣ್ತಿನ ಬಿಡಂಗಿಲ್ಲರಿ ಅತ್ತಿ,” ಎಂದು ಸಂಜೆಯ ಬಸ್ಸಿಗೇ ಅವಳನ್ನು ಕರೆದುಕೊಂಡು ಹೋದ. ಅಂಟಿನುಂಡಿಯ ಡಬ್ಬಿ ಹಿಡಿದು ಮಹಾನಂದಾ ಬಾಗಿಲಲ್ಲಿ ನಿಂತಿದ್ದಳು. ಮಗಳ ಚೊಚ್ಚಲ ಬಾಣಂತನ ಮಾಡಲಾಗದ ತವರು ಎಂಥ ತವರು! ನಾನು ಅವಳ ಮುಖಕ್ಕೇ ಉಸಿರು ಬಿಡುತ್ತ ಗುಂಯ್‌ಗುಡುತ್ತಿದ್ದೆ. ನಿಲ್ಲುವುದು ನನ್ನ ಕೈಲಿರಲಿಲ್ಲ. ಆದರೂ ನಾಚಿಕೆ ಆಯಿತು.

ಬಿಸಿಲು ವರ್ಷದಿಂದ ವರ್ಷಕ್ಕೆ ಬೇಗ ಬಂದು ತಡವಾಗಿ ಹೋಗತೊಡಗಿತು. ನನ್ನನ್ನು ಓಡಿಸಲು ಎಲ್ಲೋ ಕಲ್ಲಿದ್ದಲು ಸುಡುತ್ತಾರಂತೆ. ಆ ಹೊಗೆಯಿಂದ ಮುಂದಿನ ಬೇಸಿಗೆ ಇನ್ನಷ್ಟು ಸುಡುತ್ತದಂತೆ. ಸುಟ್ಟರೆ ಜನ ಇನ್ನೊಂದು ಏಸಿ ತರುತ್ತಾರೆ. ನಮ್ಮ ಕುಲ ಬೆಳೆದದ್ದು ಹೀಗೆ.

ವಕೀಲರ ಮನೆಗೆ ನನಗಿಂತ ದೊಡ್ಡವನು ಬಂದ. ಸುವರ್ಣಾಬಾಯಿ ನನ್ನನ್ನು ಮಹಾನಂದಾಳಿಗೆ ಕೊಟ್ಟುಬಿಟ್ಟರು. ಅವಳ ಖುಷಿ ಹೇಳತೀರದು. ಅಂಬಿಕಾ ಎರಡನೆಯ ಬಸುರಿ. ಈ ಸಲ ಅಳಿಯನ ಬಾಯಿ ಮುಚ್ಚಿಸಬಹುದು! ಅವಳ ಮನೆಯ ಮುಂದಿನ ಗೋಡೆಗೆ ವಕೀಲರ ಹೊಸ ಯಂತ್ರದ ಝಳ ಬಡಿಯುತ್ತಿದ್ದುದರಿಂದ ನನ್ನ ಹೊರಮೈಯನ್ನು ಹಿಂದಿನ ಗೋಡೆಗೆ ಜಡಿದರು. ನನ್ನ ಎದುರಿಗೆ ಮತ್ತೊಂದು ಕಿಟಕಿ. ಅದು ಗಾರೆ ಕೆಲಸದವನ ಹೆಂಡತಿ ಶಾಹೀನಳದ್ದು. ಅವಳ ಮಡಿಲಲ್ಲೂ ಹಸುಗೂಸು.

ಅಂಬಿಕಾ ಆಸ್ಪತ್ರೆಯಲ್ಲಿ ಹೆತ್ತು ತವರುಮನೆಗೆ ಬಂದಳು. ಬಾಣಂತಿಯ ಮೈ ಬೆಚ್ಚಗಿರಬೇಕು ಎಂಬುದು ಮಹಾನಂದಾ ತನ್ನ ತಾಯಿಯಿಂದ ಕಲಿತದ್ದು, ಅದನ್ನು ಬಿಡಲಾಗಲಿಲ್ಲ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಳು. ಖೋಲಿ ತಣ್ಣಗಿರುತ್ತದೆಂದು ಅಳಿಯನಿಗೆ ಕೊಟ್ಟ ಮಾತನ್ನೂ ಬಿಡಲಾಗದು. ತಲೆಯ ಮೇಲೆ ನನ್ನನ್ನು ಹಚ್ಚಿದಳು. ಕೆಳಗೆ ಬೆಂಕಿ, ಮೇಲೆ ಥಂಡಿ! ಮಗಳು ಕಿವಿಗೆ ಬಟ್ಟೆ ಕಟ್ಟಿಕೊಂಡು ನಡುವೆ ಮಲಗಿದಳು. ನಗು ಬರುವಂಥದ್ದೇ. ಆದರೆ ಬಿಸಿಲಿನ ಬಿಸಿಯ ಜೊತೆಗೆ ಆ ಕೆಂಡದ ಬಿಸಿಯನ್ನೂ ಬಾಚಿ ನಾನು ಶಾಹೀನಳ ಕಿಟಕಿಗೆ ಎಸೆಯುತ್ತಿದ್ದೆ.

ಒಂದು ಮಧ್ಯಾಹ್ನ ಮುಚ್ಚಿದ ಖೋಲಿಯಲ್ಲಿ ಹೊಗೆ ಕಟ್ಟಿ ಕೂಸು ಕೆಮ್ಮಿತು. ಮಹಾನಂದಾ ಮೊಮ್ಮಗಳನ್ನು ಎತ್ತಿಕೊಂಡು ಹಿಂದಿನ ಬಾಗಿಲು ತೆರೆದಳು. ಹೊರಗೆ ಶಾಹೀನ ತನ್ನ ಕೂಸಿಗೆ ಮೊರದಿಂದ ಗಾಳಿ ಹಾಕುತ್ತ ನಿಂತಿದ್ದಳು.

“ಅಕ್ಕಾ, ಒಳಗ ಕೂಡ್ಲಿಕ್ಕಿ ಆಗವಲ್ದು. ನಿಮ್ಮ ಮಷೀನಿನ ಝಳ ಭಾಳ ಬರ್ತದ. ಕೂಸಿನ ಮೈತುಂಬ ಗುಳ್ಳಿ ಎದ್ದಾವ.”

“ಕಿಡಕಿ ಹಾಕ್ಕೋ ಯವ್ವಾ, ಆಯ್ತ...”

ಮಹಾನಂದಾಳ ಮಾತು ಅರ್ಧಕ್ಕೇ ನಿಂತಿತು. ಆ ಮಾತು ಎಲ್ಲಿಂದ ಬಂತೆಂದು ಅವಳಿಗೆ ಹೊಳೆದಿತ್ತು. ಶಾಹೀನಳ ಕಿಟಕಿಯ ಕಡೆ ನೋಡಿದಳು. ಅದು ಹಾಕಿಯೇ ಇತ್ತು. ಸಂದಿಯಲ್ಲಿ ಗೋಣಿಚೀಲವೂ ಇತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಳಗೆ ಹೋಗಿ, ಕೂಸನ್ನು ಮಗಳಿಗೆ ಕೊಟ್ಟು, ಅಗ್ಗಿಷ್ಟಿಕೆಗೆ ನೀರು ಸುರಿದು ಹೊರಗಿಟ್ಟು ಬಂದಳು. “ಒಳಗ ಬಾ ತಂಗಿ, ಕೂಸಿನ್ನ ಮಲಗಸು,” ಎಂದು ಶಾಹೀನಳ ರಟ್ಟೆ ಹಿಡಿದು ಎಳೆದಳು. ಎರಡು ಕೂಸುಗಳೂ ಒಂದೇ ಹೊರಸಿನ ಮೇಲೆ ಮಲಗಿದವು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನನಗೂ ನಿದ್ದೆ ಬರುತ್ತಿತ್ತು. ಆದರೆ ಶಾಹೀನ ಬಿಟ್ಟುಬಂದ ಮನೆಯಲ್ಲಿ ಅವಳ ಮುದುಕ ಮಾವ ಇದ್ದ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದ ಅವನ ಕಡೆಗೂ ನಾನು ಉಸಿರು ಬಿಡುತ್ತಲೇ ಇದ್ದೆ. ಒಳಗೆ ಎಷ್ಟು ಮಂದಿಯನ್ನು ಕರೆದರೂ ಹೊರಗೆ ಒಬ್ಬರು ಉಳಿದೇ ಉಳಿಯುತ್ತಾರೆ.

ಮುಂದಿನ ಬೇಸಿಗೆಯಲ್ಲಿ ನಾನು ಸುಟ್ಟುಹೋದೆ. ಈಗ ಗುಜರಿ ಅಂಗಡಿಯ ಅಂಗಳದಲ್ಲಿ ಬಿದ್ದಿದ್ದೇನೆ. ತಾಮ್ರದ ಕೊಳವೆ ಕಿತ್ತರು, ಫ್ಯಾನು ಬಿಚ್ಚಿದರು, ಉಳಿದದ್ದು ತಗಡು. ಮೊನ್ನೆ ಪಕ್ಕದ ಮೊಬೈಲ್ ಅಂಗಡಿಯವರು ಗೋಡೆಗೆ ಹೊಸ ಏಸಿ ಜಡಿದರು. ಅದರ ಮುಖ ನೇರ ನನ್ನ ಕಡೆಗೆ. ನಿನ್ನೆ ಅದನ್ನು ಮೊದಲ ಸಲ ಹಚ್ಚಿದಾಗ ಬಿಸಿ ಗಾಳಿ ಬಂದು ನನ್ನ ಖಾಲಿ ಹೊಟ್ಟೆಯ ತುಂಬ ನುಗ್ಗಿತು. ಇಡೀ ಆಯುಷ್ಯ ಈ ಉಸಿರನ್ನು ಬಿಟ್ಟವನು ನಾನು. ಇದು ಇಷ್ಟು ಸುಡುತ್ತದೆಂದು ಗೊತ್ತಿರಲಿಲ್ಲ.

ಹಾಕಿಕೊಳ್ಳೋಣವೆಂದರೆ ನನಗೊಂದು ಕಿಟಕಿಯೂ ಇಲ್ಲ.