ಬೀಗರು ತಂದ ಪಂಚೆ

"ಎತ್ತಬ್ಯಾಡಿ, ಇಳಿಸ್ರಲಾ!" ಎಂದು ಕುಮಾರ ಕೂಗಿದ. ಹೆಗಲಿಗೇರುತ್ತಿದ್ದ ಚಟ್ಟ ಮತ್ತೆ ನೆಲಕ್ಕೆ ಬಂತು. "ಕಿರಂಗೂರಿನ ಬೀಗ್ರು ಬಂದಿಲ್ಲ. ಅವ್ರು ಬಟ್ಟೆ ಒದಿಸ್ದೆ ಅಣ್ಣನ್ನ ಎಂಗ್ಲಾ ಕಳ್ಸೋದು?"

ಅಣ್ಣ ದೇವರಾಜು ಊರ ಡೈರಿಯಲ್ಲಿ ಹಾಲಿನ ಫ್ಯಾಟು ನೋಡುತ್ತಿದ್ದವನು. ನೀರು ಬೆರೆಸಿ ತಂದವರನ್ನು ಮುಲಾಜಿಲ್ಲದೆ ವಾಪಸ್ಸು ಕಳಿಸುತ್ತಿದ್ದ. ಅವರೆಲ್ಲ ಈಗ ಅಂಗಳದಲ್ಲಿ ನಿಂತು, ಎಂಥಾ ಮನುಷ್ಯ ಎಂದು ಲೊಚಗುಟ್ಟುತ್ತಿದ್ದರು. ಅವನ ಮಗಳು ಪ್ರಮೀಳಾ ರಸ್ತೆಯನ್ನೇ ನೋಡುತ್ತಿದ್ದಳು. ಕಿರಂಗೂರಿನ ಗಂಡಿನ ಜೊತೆ ಅವಳ ಮದುವೆಗೆ ವೀಳ್ಯಶಾಸ್ತ್ರವಾಗಿತ್ತು.

*

ತೊಂಬತ್ತಾರನೇ ಇಸವಿಯಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ದೇವರಾಜುವಿನ ಸೊಂಟದ ಮೂಳೆಗೆ ಸೂಜಿ ಇಳಿಸಿ ಮಜ್ಜೆ ತೆಗೆದಿದ್ದರು. ರಕ್ತದ ಕ್ಯಾನ್ಸರು, ನಿಧಾನವಾಗಿ ಬೆಳೆಯುವ ಜಾತಿಯದು. ಇನ್ನು ಜೀನ್ ಪರೀಕ್ಷೆಯೂ ಆಗಬೇಕು, ಅದನ್ನು ನೋಡಿಕೊಂಡೇ ಮುಂದಿನ ಚಿಕಿತ್ಸೆ ಎಂದರು ಡಾಕ್ಟರು.

"ಜೀನ್ ಅಂದ್ರೆ?" ಎಂದ ದೇವರಾಜು.

"ವಂಶವಾಹಿ. ಆದರೆ ಇದು ವಂಶದಿಂದ ಬಂದದ್ದಲ್ಲ. ರಕ್ತದ ಕಣದಲ್ಲಿ ಈಚೆಗೆ ಆಗಿರೋ ಕೆಡುಕು. ಮಗಳಿಗೆ ಬರೋದಿಲ್ಲ."

ಹೊರಗೆ ಬಂದು ಪ್ರಮೀಳಾ ಅಂಗಲಾಚಿದಳು. "ಮಾಡ್ಸ್ಕೊ ಅಪ್ಪ. ಡಾಕ್ಟ್ರೇ ಯೋಳುದ್ರಲ್ಲ."

"ನಂಗರ್ಥಾಯ್ತು ಕಣವ್ವ. ಬೀಗ್ರಿಗೆ ವಂಸ ಅನ್ನೋದೊಂದೇ ಕೇಳ್ಸೋದು. ನಿನ್ ಮದ್ವೆ ಆಗ್ಲಿ, ಆಮೇಕೆ ನೋಡನ."

ಗಂಡಿನ ತಂಗಿಯ ಮದುವೆ ಮೊದಲಾಗಲಿ ಎಂದು ಬೀಗರು ಮುಂದೂಡುತ್ತಲೇ ಬಂದರು. ದೇವರಾಜು ಮತ್ತೆ ಆಸ್ಪತ್ರೆಯ ಕಡೆ ಸುಳಿಯಲಿಲ್ಲ. ಹೊಟ್ಟೆಯ ಎಡಮಗ್ಗುಲು ಊದಿ ಅಂಗಿಯ ಗುಂಡಿ ಹಾಕಲಾಗದಂತಾದರೂ ಊರಿಗೆಲ್ಲ ಕಾಮಾಲೆ ಎಂದೇ ಹೇಳಿದ. ಮಗಳನ್ನು ಬಿಟ್ಟರೆ ಅವ್ವ ಪುಟ್ಟಗೌರಮ್ಮನಿಗೆ ಮಾತ್ರ ನಿಜ ತಿಳಿಸಿ, ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡ.

*

ಬೀಗ ಶಿವಲಿಂಗಯ್ಯ ಹೊಸ ಪಂಚೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಅವರನ್ನು ಕಂಡದ್ದೇ ಪುಟ್ಟಗೌರಮ್ಮನ ಅಳು ಏರಿತು. ಸತ್ತವರ ಕಷ್ಟಸುಖವನ್ನೆಲ್ಲ ಹಾಡಿಕೊಂಡು ಅಳುವುದು ಕೆ.ಆರ್. ಪೇಟೆ ಕಡೆಯ ಹೆಂಗಸರ ರೂಢಿ. ಅದರಲ್ಲಿ ಈಕೆಯನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ.

"ಮೂಳೆ ಕೊರುದ್ರಲ್ಲೋ ನನ್ ಮಗ್ನೇ... ವಂಸದ ಪರೀಕ್ಷೆ ಮಾಡ್ಸು ಅಂದ್ರಲ್ಲೋ... ಮಗ್ಳ್ ಮದ್ವೆ ಕೆಡ್ತದೆ ಅಂತ ಮುಚ್ಚಿಟ್ಕೊಂಡು ಸತ್ತೋದ್ಯಲ್ಲೋ!"

ಪ್ರಮೀಳಾ ಓಡಿಬಂದು ಅಜ್ಜಿಯ ಬಾಯಿಗೆ ಕೈ ಅಡ್ಡ ಇಟ್ಟಳು. ಅಳುವವರನ್ನು ತಡೆಯಬಾರದೆಂದು ಹೆಂಗಸರು ಅವಳ ಕೈ ಹಿಡಿದೆಳೆದರು.

ಶಿವಲಿಂಗಯ್ಯ ಪಂಚೆಯ ಮಡಿಕೆ ಬಿಚ್ಚಲಿಲ್ಲ. "ವಂಸದ ಕಾಯ್ಲೆನಾ?"

"ಅಲ್ಲ ಮಾವ. ಡಾಕ್ಟ್ರು ಅಲ್ಲ ಅಂದವ್ರೆ," ಎಂದಳು ಪ್ರಮೀಳಾ.

"ಆ ಪರೀಕ್ಷೆ ಮಾಡ್ಸಿದ್ರಾ?"

ಪ್ರಮೀಳಾ ಇಲ್ಲವೆಂದು ತಲೆಯಾಡಿಸಿದಳು.

ಅವರು ಪಂಚೆಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಬಸ್ಸಿನ ಕಡೆ ನಡೆದರು. ಪುಟ್ಟಗೌರಮ್ಮ ಒಂದು ಗುಟುಕು ನೀರು ಕುಡಿದು ಅವರ ಬೆನ್ನನ್ನೇ ನೋಡಿದರು. ಆಮೇಲೆ ಎದೆ ಬಡಿದುಕೊಳ್ಳುತ್ತಾ, ಈ ಸಲ ಮೊಮ್ಮಗಳ ಹೆಸರು ಹಿಡಿದು ಹಾಡತೊಡಗಿದರು.